ಯಾರ ಮನೆ ಮರದ ಬೇರು

ತನ್ನ ಮನೆಯ ಕಕ್ಕಸು ಕಟ್ಟಿಕೊಂಡರೂ ತಪ್ಪು ಪಕ್ಕದ ಮನೆಯವರದ್ದೇ ಎಂದು ನಂಬುವ ಮಹಾತ್ಮರು ಎಲ್ಲ ಊರಲ್ಲೂ ಇರುತ್ತಾರೆ. ಓಕ್ಲೆಂಡಿನ ನಮ್ಮ ಬೀದಿಯಲ್ಲಿ ಆ ಪೀಠ ಡೆಲ್ಮಾರ್ ಫಗುಂಡೆಸನದು. ಒಂಬತ್ತು ವರ್ಷದ ಹಿಂದೆ ಅವನ ಮನೆಯ ಕಕ್ಕಸಿನ ಕೊಳವೆಗೆ ಬೇರು ಹೊಕ್ಕಾಗ, ಪಕ್ಕದ ಮನೆಯ ವಿಧವೆ ಹೇಝೆಲ್ ಟಾಕೇಡಾಗೆ ಮೂರು ಪುಟದ ಕಾಗದ ಬರೆದು, ಕೋರ್ಟಿನ ಹೆಸರು ಹೇಳಿ ಹೆದರಿಸಿ, ಆಕೆಯ ಕೈಯಿಂದಲೇ ಆಕೆಯ ಅಕ್ರೋಟು ಮರ ಕಡಿಸಿದ್ದ. (ಕೊಳವೆ ಆಮೇಲೂ ಕಟ್ಟುತ್ತಲೇ ಇತ್ತು. ಅದು ಸತ್ತ ಮರದ ಸೇಡು ಎಂಬುದು ಡೆಲ್ಮಾರನ ವೈಜ್ಞಾನಿಕ ಸಿದ್ಧಾಂತ.)

ಈಗ ಅವನು ಮನೆ ಮಾರಬೇಕು. ಹೆಂಡತಿ ಲೂಸಿಂಡಾಳ ಮಂಡಿಗೆ ಮೆಟ್ಟಿಲು ಆಗದು. ಮೆಟ್ಟಿಲಿಲ್ಲದ ಮನೆಯೊಂದು ಗೊತ್ತಾಗಿದೆ. ಆದರೆ ಬೀದಿಯ ಚರಂಡಿವರೆಗಿನ ಕೊಳವೆ ಪಾಸಾಯಿತೆಂಬ ಸರ್ಟಿಫಿಕೇಟು ಇಲ್ಲದೆ ಮನೆ ಮಾರಲು ಊರಿನ ಕಾನೂನು ಬಿಡುವುದಿಲ್ಲ. ಕೊಳ್ಳುವವರು ಶುಕ್ರವಾರದವರೆಗೆ ಮಾತ್ರ ಕಾಯುತ್ತಾರೆ.

ಮಂಗಳವಾರ ಕೊಳವೆಯೊಳಗೆ ಕ್ಯಾಮೆರಾ ಬಿಡುವ ಶುಭ ಮುಹೂರ್ತಕ್ಕೆ ಡೆಲ್ಮಾರ್ ಹೇಝೆಲಳನ್ನೇ ಆಹ್ವಾನಿಸಿದ.

"ಆಕೇನ ಯಾಕ್ರೀ ಕರೆದ್ರಿ?" ಎಂದಳು ಲೂಸಿಂಡಾ.

"ಅವಳ ಮರದ ಬೇರು ಅವಳೇ ನೋಡ್ಲಿ. ರಿಪೇರಿನೂ ಅವಳೇ ಮಾಡಿಸ್ಲಿ!"

"ನಿಮ್ಮ ಹೊಟ್ಟೇಲಿರೋಷ್ಟು ಹೊಲಸು ಆ ಕೊಳವೇಲೂ ಇರಲ್ಲ."

ಪ್ಲಂಬರ್ ಯೆಸೇನಿಯಾ ಕ್ಯಾಮೆರಾ ಇಳಿಸಿದಳು. ಪರದೆಯ ಮೇಲೆ ಋಷಿಯ ಗಡ್ಡದಂಥ ಬೇರಿನ ರಾಶಿ.

"ನೋಡಿ! ಅಕ್ರೋಟು!" ಡೆಲ್ಮಾರ್ ಕುಣಿದ.

"ಹಸಿ ಬೇರು ಸಾರ್. ಒಂಬತ್ತು ವರ್ಷದ ಹಿಂದೆ ಕಡಿದ ಮರಕ್ಕೆ ಚಿಗುರು ಬೇರು ಎಲ್ಲಿಂದ ಬರುತ್ತೆ? ಇರಿ, ಜಾಗ ಹುಡುಕ್ತೀನಿ."

ಕ್ಯಾಮೆರಾ ಇರುವ ಕಡೆ ಕೂಗುವ ಕೋಲು ಹಿಡಿದು, ಹುಲ್ಲಿನ ಮೇಲೆ ಹಸಿರು ಬಣ್ಣದ ಗೆರೆ ಎಳೆಯುತ್ತ ಅವಳು ಹೊರಟಳು. ಡೆಲ್ಮಾರ್ ಮುಂದಾಳಿನಂತೆ ಹೇಝೆಲಳ ಬೇಲಿಯತ್ತ ನಡೆದ. ಗೆರೆ ಅವನ ಹಿಂದೆ ಹೋಗಲಿಲ್ಲ. ತಿರುಗಿ, ಅವನದೇ ಅಂಜೂರದ ಮರದ ಬುಡಕ್ಕೆ ಹೋಯಿತು; ಅಲ್ಲಿ ಕೋಲು ಕಿರುಚಿತು.

"ಕೊಳವೆ ಹೊಸದು ಹಾಕ್ಬೇಕು. ಅದಕ್ಕೆ ಮೊದಲು ಈ ಮರ ಹೋಗ್ಬೇಕು," ಎಂದಳು ಯೆಸೇನಿಯಾ.

"ಅಯ್ಯೋ, ಅಝೋರ್ಸ್ ದ್ವೀಪದಿಂದ ನಮ್ಮಜ್ಜ ಕೋಟಿನೊಳಗೆ ಬಚ್ಚಿಟ್ಟು ತಂದ ಕಡ್ಡಿ ಕಣಮ್ಮಾ ಇದು!"

"ನಂದು ನಮ್ಮೆಜಮಾನ್ರು ನೆಟ್ಟಿದ್ದು," ಎಂದಳು ಹೇಝೆಲ್.

ಆಕೆ ಕೈಚೀಲದಿಂದ ಮಡಿಚಿ ಮಡಿಚಿ ಸವೆದ ಆ ಮೂರು ಪುಟದ ಕಾಗದ ತೆಗೆದಳು. "ಕನ್ನಡಕ ತಂದಿಲ್ಲ ಡೆಲ್ಮಾರ್ ಅವರೇ. ನೀವೇ ಓದಿ."

ಅವನು ಓದಿದ: "'ಮರದ ಮಾಲೀಕರು ಮೂರು ದಿನದೊಳಗೆ, ಕಣ್ಣೀರಿನ ನಾಟಕವಿಲ್ಲದೆ, ಸ್ವಂತ ಖರ್ಚಿನಲ್ಲಿ ಮರ ಕಡಿಸತಕ್ಕದ್ದು...'"

ಲೂಸಿಂಡಾ ಬೆರಳು ಮಡಿಸಿದಳು. "ಬುಧವಾರ, ಗುರುವಾರ, ಶುಕ್ರವಾರ. ಲೆಕ್ಕ ಹಾಕಿ ಬರೆದ ಹಾಗಿದೆ ರೀ! ಮುಂದೆ?"

"'...ಮತ್ತು ನೆರೆಯವರ ಬಾಗಿಲಿಗೆ ಹೋಗಿ ಕ್ಷಮೆ ಕೇಳತಕ್ಕದ್ದು.'"

"ಬಾಗಿಲಿಗೆ ಬರೋ ತೊಂದರೆ ಯಾಕೆ," ಎಂದಳು ಹೇಝೆಲ್. "ಇಲ್ಲೇ ಇದೀನಲ್ಲ."