ಮಾವನವರೂ ಎರಡಂಗುಲದ ಸೋಫಾವೂ

ನಮ್ಮ ಮಾವನವರಿಗೆ ನನಗಿಂತ ಒಂದು ಪ್ಲಾಸ್ಟಿಕ್ ಸೋಫಾದ ಮೇಲೆ ಹೆಚ್ಚು ಪ್ರೀತಿ ಇತ್ತು ಅಂದರೆ ನೀವು ನಗುತ್ತೀರಿ. ನಗಿ! ಎರಡಂಗುಲದ ಸೋಫಾದ ಎದುರು ಸೋತ ಅಳಿಯ ನೀವಲ್ಲವಲ್ಲ!

ಆಗ ಎಂಬತ್ತರ ದಶಕ. ಜಾಲಹಳ್ಳಿಯ ಕಾರ್ಖಾನೆಯೊಂದರ ಪೇಂಟ್ ವಿಭಾಗದಿಂದ ನಿವೃತ್ತರಾಗಿ ಮಾವನವರು ಆರ್.ಟಿ. ನಗರದಲ್ಲಿದ್ದರು. ಆ ಸಲ ದಸರಾಕ್ಕೆ ಪಟ್ಟದ ಗೊಂಬೆಗಳ ಪಕ್ಕ ಒಂದು ಪುಟ್ಟ ಮನೆಯನ್ನೂ ಕೂರಿಸಬೇಕೆಂದು, ನನ್ನ ಹೆಂಡತಿ ಚಿಕ್ಕಂದಿನಲ್ಲಿ ಆಡಿದ್ದ ಗೊಂಬೆಮನೆಯ ಸಾಮಾನನ್ನು ಅಟ್ಟದಿಂದ ಇಳಿಸಿದರು. ಸೋಫಾ, ಮೇಜು, ಮಂಚ, ಎಲ್ಲವೂ ಪ್ಲಾಸ್ಟಿಕ್, ಎಲ್ಲವೂ ಗುಲಾಬಿ! ಅವನ್ನು ತೇಗದ ಬಣ್ಣಕ್ಕೆ ತರಲೇಬೇಕೆಂದು ಅವರ ಹಠ.

ಭಾನುವಾರಗಳಂದು ನಾವಿಬ್ಬರೂ ಯಶವಂತಪುರದಿಂದ ಅಲ್ಲಿಗೆ ಹೋಗುತ್ತಿದ್ದೆವು. ಒಮ್ಮೆ ಹೋದರೆ, ಮಾವನವರು ಸೋಫಾಕ್ಕೆ ಬೆಚ್ಚನೆಯ ಸೋಪಿನ ನೀರಲ್ಲಿ ಸ್ನಾನ ಮಾಡಿಸುತ್ತಿದ್ದರು.

"ಜಿಡ್ಡು ಹೋಗ್ದಿದ್ರೆ ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯಲ್ಲ ಅಳಿಯಂದ್ರೇ," ಅಂದರು. ಆಮೇಲೆ ನಯವಾದ ಎಮರಿ ಪೇಪರಿನಲ್ಲಿ ಉಜ್ಜಿದರು, ಮಗುವಿನ ಬೆನ್ನು ಸವರುವ ಹಾಗೆ. ನನ್ನ ಬೆನ್ನು? ಮದುವೆಯಾಗಿ ಇಷ್ಟು ವರ್ಷವಾದರೂ ಒಮ್ಮೆ ತಟ್ಟಿರಲಿಲ್ಲ!

ಪ್ರೈಮರ್ ಹಚ್ಚುವ ದಿನವಂತೂ ಮನೆಯಲ್ಲಿ ಕರ್ಫ್ಯೂ. ಕಿಟಕಿ ಬಾಗಿಲೆಲ್ಲ ತೆರೆದಿರಬೇಕು. ಊದುಬತ್ತಿ ಇಲ್ಲ, ಸ್ಟೋವ್ ಇಲ್ಲ.

"ಅತ್ತೇ, ಒಂದ್ ಲೋಟ ಕಾಫಿ..."

"ಸುಮ್ನಿರಿ! ಇದು ಒಣಗೋಕ್ ಮುಂಚೆ ಬೆಂಕಿಕಡ್ಡಿ ಗೀರಿದ್ರೆ ನಿಮ್ಮ ಮಾವ ನನ್ನನ್ನೇ ಆಚೆ ಹಾಕ್ತಾರೆ!"

ಸೋಫಾ ಧೂಳು ಸೋಕದಂತೆ ಬಿದಿರು ಬುಟ್ಟಿಯ ನೆರಳಲ್ಲಿ ವಿಶ್ರಮಿಸುತ್ತಿತ್ತು. ಮನೆಯ ಅಳಿಯ ಬಿಸಿಲಲ್ಲಿ ಹೋಟೆಲ್ ಹುಡುಕುತ್ತಿದ್ದ!

ಅದನ್ನೂ ಸಹಿಸಿದೆ. ಆದರೆ ನನ್ನ ಹೆಂಡತಿ, "ಅಪ್ಪನ ಕೈ ನೋಡಿ, ಎಷ್ಟು ನಾಜೂಕು!" ಅಂದಳಲ್ಲ, ಆಗ ಹೊಟ್ಟೆಯೊಳಗೆ ಉರಿ ಹತ್ತಿಕೊಂಡಿತು. ಆ ಉರಿಗೆ ಮಾವನವರ ನಿಷೇಧ ಅನ್ವಯಿಸಲಿಲ್ಲ ನೋಡಿ! ಮಂಚಕ್ಕೆ ನಾನೇ ಬಣ್ಣ ಹಚ್ಚುತ್ತೇನೆಂದು ಕೇಳಿಕೊಂಡು ಮನೆಗೆ ತಂದೆ. ತೊಳೆದು ಉಜ್ಜುವುದೆಲ್ಲ ಯಾಕೆ, ಥಿನ್ನರ್‌ನಲ್ಲಿ ಒರೆಸಿದರಾಯಿತು ಅಂದುಕೊಂಡೆ. ಥಿನ್ನರ್ ತಾಗಿದ್ದೇ ತಡ, ನಾಲ್ಕೂ ಕಾಲು ಕರಗಿ ಮಂಚವೇ ಮಲಗಿಬಿಟ್ಟಿತು!

ಮುಂದಿನ ಭಾನುವಾರ ಮಾವನವರು ಅದನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು. ನಾನು ಬೈಗುಳಕ್ಕೆ ಸಿದ್ಧನಾದೆ. ಅವರು ಚಾಪೆಯ ಮೇಲೆ ಸರಿದು ಜಾಗ ಮಾಡಿದರು. ಸೋಫಾವನ್ನು, ಅದೇ ಸೋಫಾವನ್ನು, ನನ್ನ ಮುಂದಿಟ್ಟರು. ಬ್ರಶ್ ಕೊಟ್ಟು ನನ್ನ ಮಣಿಕಟ್ಟು ಹಿಡಿದರು.

"ಕೈ ನಡುಗಿಸ್ಬೇಡ ಕಣೋ. ತೆಳ್ಳಗೆ ಎಳಿ. ನಾನಿದೀನಿ."

'ಅಳಿಯಂದ್ರೇ' ಇಲ್ಲ, 'ನೀವು' ಇಲ್ಲ! ನಾನು ತಲೆ ಎತ್ತಲಿಲ್ಲ. ಅಪ್ಪ ತೀರಿಕೊಂಡಾಗ ನಾನಿನ್ನೂ ಕೂಸು. ಹಾಗೆ ಕೈ ಹಿಡಿದು ನನಗೆ ಏನನ್ನೂ ಯಾರೂ ಕಲಿಸಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ದಪ್ಪಗಾಯಿತು.

"ಅಪ್ಪಾ, ನಂಗೊಂದ್ ದಿನಾನಾದ್ರೂ ಆ ಬ್ರಶ್ ಮುಟ್ಟೋಕ್ ಬಿಟ್ಟಿದೀಯಾ ನೀನು?"