ಸೂರ್ಯಕಾಂತನ ಗಂಟಲು

ಸುಳ್ಳು ಹೇಳಿ ರಜೆ ಹಾಕುವವನಿಗೆ ಹೊಟ್ಟೆ ಇದೆ, ಸೊಂಟ ಇದೆ, ಬೇಕೆಂದಾಗ ಸಾಯಲು ದೂರದ ಚಿಕ್ಕಪ್ಪಂದಿರಿದ್ದಾರೆ. ಅಷ್ಟೆಲ್ಲ ಬಿಟ್ಟು ಸೂರ್ಯಕಾಂತ ಗಂಟಲನ್ನೇ ಆರಿಸಿಕೊಂಡ. ಅದೂ ಹಾಡು ರೆಕಾರ್ಡ್ ಮಾಡುವ ದಿನ.

"ಸರ್, ಗಂಟ್ಲಾ ಪೂರಾ ಹೋಗೈತ್ರಿ," ಎಂದು ಕುಷಾಯಿಗೂಡದ ಮನೆಯ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಕರಕರ ಎಂದ. ಕಂಪನಿಯಲ್ಲಿ ಅಂದು ಹೊಸ ಸಾಫ್ಟ್‌ವೇರ್ ಅಮೆರಿಕಕ್ಕೆ ಹೋಗಬೇಕಿತ್ತು. ಆದರೂ ಮೈಸೂರಿನವರಾದ ಮ್ಯಾನೇಜರ್ ಸೀತಾರಾಮ, "ಅಯ್ಯೋ ಪಾಪ, ಮಾತೇ ಆಡಬೇಡಿ, ಮಲಕ್ಕೊಳ್ಳಿ," ಎಂದರು.

ಅವನಿಗೆ ಅಮೆರಿಕ ಮುಖ್ಯವಾಗಿರಲಿಲ್ಲ. ಹೆಂಡತಿ ಶಿವದೇವಿ ಮುಖ್ಯವಾಗಿದ್ದಳು. ಮದುವೆಯಾದಾಗಿನಿಂದ ಅವನ ಹಾಡಿಗೆ ಆಕೆಯದು ಒಂದೇ ವಿಮರ್ಶೆ: "ಗ್ಯಾಸ್ ಸಿಲಿಂಡರ್ ಉರುಳಿಸಿದಂಗ ಐತಿ." ಆಫೀಸಿನ ಗೆಳೆಯರ ಬ್ಯಾಂಡ್‌ಗೆ ತಾನೇ ಕಟ್ಟಿದ ಹಾಡನ್ನು ಇಂದು ತಾನೇ ಹಾಡಿ, ಸಂಜೆ ಸಿ.ಡಿ. ಹಾಕಿ ಆಕೆಯ ಬಾಯಿ ಮುಚ್ಚಿಸಬೇಕಿತ್ತು. ಆಕೆಯೋ, ಮಜಾ ನೋಡಲೆಂದೇ ಕಾಲೋನಿಯವರನ್ನೆಲ್ಲ ಕರೆದಿದ್ದಳು.

ಫೋನಿಡುವಷ್ಟರಲ್ಲಿ ಮೇಲಿನ ಮನೆಯ ಗದಿಗೆಮ್ಮ ಕಷಾಯದ ಚೊಂಬಿನೊಂದಿಗೆ ಹಾಜರು.

"ಎಲ್ಲಾ ಕೇಳೀನಿ. ಮೆಣಸು, ಅಜವಾನ, ಶುಂಠಿ ಹಾಕೀನಿ. ಕುಡಿ."

ಆಕೆಯ ಕಿವಿಗೆ ಸತ್ಯ ಬಿದ್ದರೆ ಸಂಜೆಯೊಳಗೆ ಸಿಕಂದರಾಬಾದಿನವರೆಗೂ ಹಬ್ಬುತ್ತದೆ. ಸೂರ್ಯಕಾಂತ ಕಣ್ಣು ಮುಚ್ಚಿ ಕುಡಿದ. ಚೊಂಬು ಖಾಲಿಯಾಗುವವರೆಗೆ ಗದಿಗೆಮ್ಮ ಕದಲಲಿಲ್ಲ.

ಮೆಹದಿಪಟ್ಟಣಂನ ಸ್ಟುಡಿಯೋ ಒಂದು ಬಿರಿಯಾನಿ ಹೋಟೆಲಿನ ಮೇಲಿತ್ತು. ಮಾಲೀಕ ಕಲ್ಯಾಣಪ್ಪನೇ ರೆಕಾರ್ಡಿಂಗ್ ಮಾಡುವವನು. ಗಾಜಿನಾಚೆಯಿಂದ ಅವನು ಕೈ ಎತ್ತಿದ. ಸೂರ್ಯಕಾಂತ ಪಲ್ಲವಿ ಎತ್ತಿದ. ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಹಾಡಿದ. ಆಫೀಸಿಗೆ ಚಿಕ್ಕಪ್ಪ ಸತ್ತನೆಂದು ಹೇಳಿ ಬಂದಿದ್ದ ಗಿಟಾರಿನ ಮನೋಜ ತಲೆದೂಗುತ್ತಿದ್ದಾಗಲೇ ಜೇಬಿನಲ್ಲಿ ಮೊಬೈಲು ಕಿರುಚಿತು.

"ಹೇಗಿದೆ ಸೂರ್ಯಕಾಂತ್ ಗಂಟಲು?" ಎಂದರು ಸೀತಾರಾಮ.

ಮೈಕಿನ ಮುಂದೆಯೇ ನಿಂತು ಸೂರ್ಯಕಾಂತ ಕೆಮ್ಮಿದ. ಒಮ್ಮೆ ಕೆಮ್ಮಿದರೆ ಸಾಕಿತ್ತು. ಕಲಾವಿದನಲ್ಲವೇ, ಕೆಮ್ಮನ್ನು ಆಲಾಪ ಮಾಡಿದ. ಒಳಗೆ ಕಾದು ಕುಳಿತಿದ್ದ ಮೆಣಸಿನ ಕಷಾಯ ಮೇಲೇರಿ ಬಂತು. ಫೋನಿಟ್ಟು ಮತ್ತೆ ಪಲ್ಲವಿ ಎತ್ತಿದರೆ, ಬರೀ ಕರಕರ ಹೊರಟಿತು.

"ಸೂರ್ಯಕಾಂತಣ್ಣ, ಹಾಡಾಕತ್ತೀರೋ, ಅಂಗಡಿ ಶಟರ್ ಎಳ್ಯಾಕತ್ತೀರೋ?" ಎಂದ ಕಲ್ಯಾಣಪ್ಪ.

"ಒಂದು ಸುಳ್ಳಿಗೆ ಇಷ್ಟು ನಿಷ್ಠೆಯಾ ಮಾರಾಯ!" ಎಂದ ಮಂಗಳೂರಿನ ಮನೋಜ.

ಬಿಸಿನೀರು, ಉಪ್ಪುನೀರು, ಕೆಳಗಿನ ಹೋಟೆಲಿನ ಇರಾನಿ ಚಹಾ, ಎಲ್ಲ ಆಯಿತು. ಇದ್ದ ಕರಕರವೂ ಹೋಯಿತು. ಸೂರ್ಯಕಾಂತನಿಗೆ ಅಳು ಬಂತು. ಅದಕ್ಕೂ ದನಿ ಇರಲಿಲ್ಲ.

"ನಾಳಿಂದ ಸ್ಟುಡಿಯೋ ಖಾಲಿ ಇಲ್ಲ," ಎಂದ ಕಲ್ಯಾಣಪ್ಪ. "ನನ್ನ ಕಡೆ ಒಬ್ರು ಅದಾರ. ಮದುವಿ ಆರ್ಕೆಸ್ಟ್ರಾದಾಗ ಹಾಡ್ತಾರ. ಭಾಳ ಛಲೋ ದನಿ. ಹೆಸರು ಮಾತ್ರ ಎಲ್ಲೂ ಹಾಕಬ್ಯಾಡ ಅಂತಾರ. ಕರೀಲೇನು?"

ಗೆಳೆಯರು ಹೂಂ ಎಂದರು. ಹಾಡು ಕಟ್ಟಿದವನಿಗೆ ಉಹೂಂ ಎನ್ನಲೂ ಆಗಲಿಲ್ಲ. ಕಲ್ಯಾಣಪ್ಪ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಸೂರ್ಯಕಾಂತನ ಮೊಬೈಲು ಮತ್ತೆ ಕಿರುಚಿತು.

"ಸೂರ್ಯಕಾಂತ್, ನಾನು ಅರ್ಜೆಂಟಾಗಿ ಕ್ಲೈಂಟ್ ಮೀಟಿಂಗ್‌ಗೆ ಹೋಗ್ಬೇಕು. ಸ್ವಲ್ಪ ಆಫೀಸಿಗೆ ಬರೋಕಾಗುತ್ತಾ?"

ಈ ಸಲ ನಟಿಸುವ ಕಷ್ಟವಿರಲಿಲ್ಲ. ಬರೀ ಗಾಳಿ ಹೊರಟಿತು. "ಬೇಡ ಬಿಡಿ, ಪಾಪ," ಎಂದು ಸೀತಾರಾಮ ಫೋನಿಟ್ಟರು.

ಅರ್ಧ ಗಂಟೆಯಲ್ಲಿ ಸ್ಟುಡಿಯೋ ಬಾಗಿಲು ತೆರೆಯಿತು. ಕುತ್ತಿಗೆಗೆ ಮಫ್ಲರ್ ಸುತ್ತಿ, ಟೈ ಜೇಬಿಗೆ ತುರುಕುತ್ತ ಗಾಯಕರು ಒಳಬಂದರು. ಸೂರ್ಯಕಾಂತ ಎದ್ದು ನಿಂತ. ಸೀತಾರಾಮ ಅಲ್ಲೇ ನಿಂತರು. ಮನೋಜ ಗಿಟಾರಿನ ಹಿಂದೆ ಅಡಗಲು ಜಾಗ ಹುಡುಕಿದ.

ಮ್ಯಾನೇಜರೇ ಮೊದಲು ಚೇತರಿಸಿಕೊಂಡರು. ಸಂಬಳ ಕೊಡುವುದೇ ಅದಕ್ಕೆ. "ನಾನು ಇಲ್ಲಿಗೆ ಬಂದಿಲ್ಲ. ನೀವ್ಯಾರೂ ಬಂದಿಲ್ಲ. ಸರಿ ತಾನೆ? ಎಲ್ಲಿ, ಸಾಹಿತ್ಯ ಕೊಡಿ."

ಹಾಡಿದರು ನೋಡಿ, ಕೆಳಗಿನ ಹೋಟೆಲಿನವರೂ ಕೈ ತೊಳೆಯದೆ ಮೆಟ್ಟಿಲಲ್ಲಿ ನಿಂತರು. ಬಾರದೇ ಇದ್ದವರ ಹೆಸರು ಸಿ.ಡಿ.ಯ ಮೇಲೆ ಹಾಕುವಂತಿರಲಿಲ್ಲ. ಹೀಗಾಗಿ ಮೊದಲೇ ಅಚ್ಚಾಗಿದ್ದ 'ಗಾಯಕ: ಸೂರ್ಯಕಾಂತ' ಹಾಗೇ ಉಳಿಯಿತು.

"ಬ್ಯಾಸರ ಮಾಡಿಕೋಬ್ಯಾಡ್ರಿ," ಎಂದ ಕಲ್ಯಾಣಪ್ಪ. "ನಿಮ್ಮ ಕೆಮ್ಮು ರೆಕಾರ್ಡ್ ಆಗೈತಿ. ಹಾಡಿನ ಶುರುಕ್ಕ ಇಟ್ಟೀನಿ. ಮಸ್ತ್ ಕುಂತೈತಿ."

ಸಂಜೆ ಕುಷಾಯಿಗೂಡದ ಮನೆ ತುಂಬಿತ್ತು. ಸಿ.ಡಿ. ಮುಗಿದಾಗ ಕಾಲೋನಿಯವರೆಲ್ಲ ಚಪ್ಪಾಳೆ ತಟ್ಟಿದರು.

"ನನ್ನ ಕಷಾಯ!" ಎಂದರು ಗದಿಗೆಮ್ಮ.

ಶಿವದೇವಿಯ ಕಣ್ಣು ಒದ್ದೆಯಾಗಿತ್ತು. "ತಪ್ಪಾತ್ರಿ. ಎಂಥಾ ದನಿ ಐತಿ ನಿಮ್ದು! ಇಷ್ಟು ದಿನ ಬಚ್ಚಲದಾಗ ಕೇಳಿ ಏನೇನೋ ಅಂದುಬಿಟ್ಟೆ."

ಬರುವ ಭಾನುವಾರ ಅಣ್ಣನ ಮನೆಯ ಸೀಮಂತದಲ್ಲಿ ಇದನ್ನೇ ಹಾಡಬೇಕೆಂದು ಅಪ್ಪಣೆಯನ್ನೂ ಮಾಡಿದಳು. ಸೂರ್ಯಕಾಂತ ಬಾಯಿ ತೆರೆದ, ಗಾಳಿ ಬಂತು.

ಆಕೆ ಸಿ.ಡಿ.ಯನ್ನು ಮತ್ತೆ ಮೊದಲಿನಿಂದ ಹಾಕಿ, ಮುಖ ಸಿಂಡರಿಸಿದಳು.

"ಶುರುವಿನಾಗ ಯಾರ್ರಿ ಇಂವ, ದರಿದ್ರದಾಂವ, ಕೆಮ್ಮಿ ಹಾಡೆಲ್ಲಾ ಹಾಳ್ ಮಾಡ್ಯಾನ? ಇಂಥಾವನ್ನೆಲ್ಲಾ ಯಾಕ್ ಒಳಗ ಬಿಟ್ಟುಕೊಂಡಿದ್ರಿ?"