ಜಗಲಿಯ ಮುಸುಕಿನ ಗುದ್ದಾಟ

ಅಂದು ಬೆಳಿಗ್ಗೆ ಷಡ್ಡಕನ ಬೆಂಚು ಒಂದು ಗೇಣು ಈಚೆಗೆ ಸರಿದಿತ್ತು. ಬೇರೆ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ಆದರೆ ಗಡಿಯಾರ ರಿಪೇರಿಯವನ ಕಣ್ಣು ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಹುಡುಕಿ ಪಳಗಿದ್ದು. ಅದರಲ್ಲೂ ಷಡ್ಡಕನ ವಿಷಯ ಬಂದರೆ ಆ ಕಣ್ಣಿಗೆ ಭೂತಗನ್ನಡಿಯೂ ಬೇಕಾಗುತ್ತಿರಲಿಲ್ಲ.

ಅಕ್ಕನ ಗಂಡ ಇವನು, ತಂಗಿಯ ಗಂಡ ಅವನು. ಮಾವನ ಕಟ್ಟಡದ ಕೆಳಗೆ ಅಕ್ಕಪಕ್ಕದಲ್ಲಿ ಇಬ್ಬರದೂ ಅಂಗಡಿ. ಇವನದು ಗಡಿಯಾರ, ಅವನದು ಕನ್ನಡಕ. ಇಲ್ಲಿ ಕೂತು ಕೂತೇ ಇವನ ತಲೆ ನರೆತಿತ್ತು. ಅವನ ಬೋರ್ಡಿನ ಬಣ್ಣ ಇನ್ನೂ ಮಾಸಿರಲಿಲ್ಲ. ಅಷ್ಟರಲ್ಲೇ ಅವನಿಗೆ ಗಾಜಿನ ಬಾಗಿಲು ಬಂತು, ಏಸಿ ಬಂತು, ಗಿರಾಕಿಗಳ ಸಾಲು ಬಂತು. ಇವನ ಅಂಗಡಿಗೆ ಬರುತ್ತಿದ್ದವರೆಂದರೆ "ಕನ್ನಡಕದ ಅಂಗಡಿ ಇದೇನಾ?" ಎಂದು ತಲೆ ಹಾಕಿ ಕೇಳಿ ಹೋಗುವವರು. ಹೊಟ್ಟೆಕಿಚ್ಚು ಎಂಬುದು ಬರೀ ಮಾತಲ್ಲ, ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ ಎಂಬುದು ಇವನಿಗೆ ದಿನಾ ಊಟದ ನಂತರ ಅನುಭವಕ್ಕೆ ಬರುತ್ತಿತ್ತು.

ಎರಡು ಅಂಗಡಿಗೂ ಸೇರಿ ಮುಂದೆ ಇದ್ದದ್ದು ಒಂದೇ ಜಗಲಿ. ಅದು ಯಾರದೆಂದು ಮಾವ ಯಾವತ್ತೂ ಹೇಳಿರಲಿಲ್ಲ. ಅಲ್ಲೊಂದು ಗಾಜಿನ ಪೆಟ್ಟಿಗೆ ಇಟ್ಟು, ಒಳ್ಳೊಳ್ಳೆಯ ಗಡಿಯಾರ ಜೋಡಿಸಿದರೆ, ದಾರಿಯಲ್ಲಿ ಹೋಗುವವರ ಕಣ್ಣಿಗೆ ತಾನೂ ಬಿದ್ದೇನು ಎಂಬುದು ಇವನ ಬಹುದಿನದ ಆಸೆ. ಈಗ ನೋಡಿದರೆ ಬೆಂಚು ತೆವಳಿಕೊಂಡು ಬರುತ್ತಿದೆ. ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿ ಎಂದು ಹಲ್ಲು ಕಡಿಯುತ್ತಾ ಮಾವನಿಗೆ ದೂರು ಕೊಡಲು ಇವನು ಮಹಡಿ ಹತ್ತಿದ.

ಮಾವ ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕೆಲಸದಲ್ಲಿದ್ದಾಗ ಕೊಡಲಾಗದ ತೀರ್ಪುಗಳನ್ನೆಲ್ಲ ಈಗ ಮನೆಯಲ್ಲಿ ಕೊಟ್ಟು ತೀರಿಸಿಕೊಳ್ಳುತ್ತಿದ್ದರು. ಅವರು ಅಳಿಯಂದಿರಿಬ್ಬರನ್ನೂ ಎದುರು ನಿಲ್ಲಿಸಿಕೊಂಡು ಹೇಳಿದರು. "ಸಂಜೆ ಕೆಳಗೆ ಬಂದು ಮಧ್ಯಕ್ಕೆ ಗೆರೆ ಎಳೀತೀನಿ, ಇಬ್ಬರಿಗೂ ಅರ್ಧರ್ಧ. ಆದರೆ ಅಷ್ಟರೊಳಗೆ ಒಬ್ಬರ ಸಾಮಾನಿನ ಮೇಲೆ ಇನ್ನೊಬ್ಬರು ಕೈ ಇಟ್ಟಿರೋ, ಕೈ ಇಟ್ಟವರಿಗೆ ಜಗಲೀಲಿ ಒಂದಂಗುಲಾನೂ ಇಲ್ಲ."

ಷಡ್ಡಕ "ಆಯ್ತು ಮಾವ" ಎಂದು ನಕ್ಕ. ಆ ನಗುವೂ ಇವನ ಕಣ್ಣು ಕುಕ್ಕಿತು. ಒಬ್ಬ ಮನುಷ್ಯನಿಗೆ ಅಂಗಡಿಯೂ ಚೆನ್ನಾಗಿರಬೇಕು, ಹಲ್ಲೂ ಚೆನ್ನಾಗಿರಬೇಕು ಎಂದರೆ ಹೇಗೆ?

ಕೆಳಗೆ ಬಂದಾಗ ಭೂಪಟದ ಮೇಷ್ಟ್ರು ಎಂದಿನಂತೆ ಇವನ ಸ್ಟೂಲಿನ ಮೇಲೆ ಕೂತು ಇವನ ಪೇಪರನ್ನೇ ಓದುತ್ತಿದ್ದರು. ನಿವೃತ್ತರಾಗುವವರೆಗೆ ಮಕ್ಕಳಿಗೆ ಭೂಗೋಳ ಹೇಳಿದವರು; ಈಗ ಪಾಠಕ್ಕೆ ಇವನೊಬ್ಬನೇ ಉಳಿದಿದ್ದ. ಇವನು ಗೋಳು ತೋಡಿಕೊಂಡಾಗ ಅವರು ಪೇಪರ್ ಮಡಚಿ ಗಂಭೀರರಾದರು.

"ಅವನದು ಏಳ್ತಿರೋ ದೇಶ. ನಿಮ್ಮದು ಹಳೇ ದೇಶ. ಹಳೇ ದೇಶ ಜಗಳಕ್ಕೆ ಹೋಗಬಾರದು. ಹೋದ್ರೆ ಏನಾಗಿಬಿಡುತ್ತೋ ಅನ್ನೋ ಭಯಾನ ಮಾತ್ರ ಹುಟ್ಟಿಸಬೇಕು. ಏನಾದರೂ ಒಂದನ್ನ ತಂದು ಜಗಲಿ ಮೇಲಿಡಿ. ಮೇಲೆ ಮುಸುಕು ಹಾಕಿ. ಒಳಗೇನಿದೆ ಅಂತ ದೇವರು ಬಂದು ಕೇಳಿದ್ರೂ ಹೇಳಬೇಡಿ."

ಇವನಿಗೆ ಉಪಾಯ ಹಿಡಿಸಿತು. ಮನೆಗೆ ಓಡಿ, ಅಟ್ಟದ ಮೇಲಿದ್ದ ಆಳೆತ್ತರದ ಹಳೆಯ ಗಡಿಯಾರದ ಪೆಟ್ಟಿಗೆಯನ್ನು ಇಳಿಸಿದ. ಒಳಗಿನ ಯಂತ್ರವನ್ನು ಇವನು ಎಂದೋ ಬಿಚ್ಚಿ ಬೇರೆ ಬೇರೆ ಗಡಿಯಾರಗಳಿಗೆ ಹಂಚಿಬಿಟ್ಟಿದ್ದ. ಈಗ ಉಳಿದಿದ್ದದ್ದು ಬರೀ ಮರ, ಧೂಳು. ಹೆಂಡತಿ ಧೂಳು ಒರೆಸಿಕೊಡುತ್ತಾ ಈ ಖಾಲಿ ಪೆಟ್ಟಿಗೆ ಯಾಕೆಂದು ಕೇಳಿದಾಗ, ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿಕೊಂಡು ಎಲ್ಲವನ್ನೂ ಹೇಳಿದ. ಜಗಲಿಯ ಮೇಲೆ ಅದನ್ನು ನಿಲ್ಲಿಸಿ, ಕಪ್ಪು ಬಟ್ಟೆ ಹೊದಿಸಿ, ಹಗ್ಗ ಬಿಗಿದು, ಒಳಗೆ ಬಂದು ಏನೂ ಆಗಿಲ್ಲದವನಂತೆ ಕೂತ.

ಬೀದಿಗೆ ಬೀದಿಯೇ ಮೂಗು ತೂರಿಸಲು ಬಂತು. ಇಸ್ತ್ರಿಯವನು ಅದು ಜನರೇಟರ್ ಎಂದ. ಬೇಕರಿಯವನ ಹೆಂಡತಿ, ಆಕಾರ ನೋಡಿದರೆ ತನಗೇಕೋ ಹೆಣದ ಪೆಟ್ಟಿಗೆ ಅನಿಸುತ್ತದೆ ಎಂದು ದೂರ ಸರಿದು ನಿಂತಳು. ಇವನು ಯಾರಿಗೂ ಉತ್ತರ ಕೊಡದೆ ಮುಗುಳ್ನಕ್ಕ. ಷಡ್ಡಕ ಹೊರಗೆ ಬಂದು ಮುಸುಕನ್ನು ಒಮ್ಮೆ ನೋಡಿದ, ಇವನನ್ನು ಒಮ್ಮೆ ನೋಡಿದ, ಆಮೇಲೆ ತನ್ನ ಬೆಂಚನ್ನು ತಾನೇ ಎಳೆದುಕೊಂಡು ಹೋಗಿ ತನ್ನ ಬಾಗಿಲ ಪಕ್ಕಕ್ಕೆ ಅಂಟಿಸಿದ. ಒಂದು ಗೇಣಲ್ಲ, ಎರಡು ಮೊಳ ಹಿಂದಕ್ಕೆ.

"ನೋಡಿದ್ರಾ?" ಎಂದರು ಮೇಷ್ಟ್ರು, ಗಡಿ ತಾವೇ ಗೆದ್ದವರಂತೆ.

ಗೆದ್ದ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಮುಸುಕು ನೋಡಲು ಬಂದವರು ನಿಂತು ಕಾಲು ನೋಯಿಸಿಕೊಂಡು ಷಡ್ಡಕನ ಬೆಂಚಿನ ಮೇಲೆ ಕೂತರು. ಕೂತವರು ಗಾಜಿನ ಬಾಗಿಲಿನೊಳಗೆ ಇಣುಕಿದರು. ಇಣುಕಿದವರು ಒಳಗೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡರು. ಇಸ್ತ್ರಿಯವನು ಹೊಸ ಕನ್ನಡಕ ಹಾಕಿಕೊಂಡು ಹೊರಬಂದು, ಈಗ ನೋಡಿದರೆ ಅದು ಜನರೇಟರ್ ಅಲ್ಲ ಎಂದ. ಇತ್ತ ಗಡಿಯಾರಕ್ಕೆ ಬ್ಯಾಟರಿ ಹಾಕಿಸಲು ಬಂದ ಒಬ್ಬಳೇ ಒಬ್ಬ ಮುದುಕಿ, ಕಪ್ಪು ಮುಸುಕು ನೋಡಿ ಯಾರು ಹೋದರೋ ಪಾಪ ಎಂದುಕೊಂಡು ಮೆಟ್ಟಿಲಿನಿಂದಲೇ ವಾಪಸಾದಳು. ತಾನು ಹಚ್ಚಿದ ಬೆಂಕಿಯಲ್ಲಿ ಷಡ್ಡಕ ಚಳಿ ಕಾಯಿಸಿಕೊಳ್ಳುತ್ತಿದ್ದಾನಲ್ಲ ಎಂದು ಇವನ ಹೊಟ್ಟೆ ಇನ್ನಷ್ಟು ಉರಿಯಿತು.

ಮಧ್ಯಾಹ್ನ ಒಂದು ಸಾಮಾನಿನ ಗಾಡಿ ಬಂತು. ಇಬ್ಬರು ಕೂಲಿಯವರು ಏನನ್ನೋ ಬಹಳ ಜೋಪಾನವಾಗಿ ಇಳಿಸಿ, ಬೆಂಚು ಖಾಲಿ ಮಾಡಿದ್ದ ಜಾಗದಲ್ಲಿ ಗೋಡೆಗೆ ಒರಗಿಸಿ ಹೋದರು. ಅದು ಇವನ ಪೆಟ್ಟಿಗೆಗಿಂತ ಎತ್ತರವಾಗಿತ್ತು, ಅಗಲವಾಗಿತ್ತು. ಅದರ ಮೇಲೂ ಒಂದು ಮುಸುಕು.

ಮೇಷ್ಟ್ರ ಮುಖ ಕಪ್ಪಿಟ್ಟಿತು. ಶತ್ರುವಿನ ಹತ್ತಿರ ನಮ್ಮದಕ್ಕಿಂತ ದೊಡ್ಡದು ಇದೆ, ಇನ್ನು ತಾಳ್ಮೆಯೊಂದೇ ದಾರಿ, ತಾಳಿದವನು ಬಾಳಿಯಾನು ಎಂದು ಹೇಳಿ, ಊಟದ ನೆನಪಾಗಿ ಎದ್ದು ಹೋದರು.

ಇವನಿಗೆ ಊಟ ಸೇರಲಿಲ್ಲ. ಕೈಗಡಿಯಾರವೊಂದನ್ನು ಬಿಚ್ಚಿದ, ಕಣ್ಣೆಲ್ಲ ಹೊರಗೆ. ಮತ್ತೆ ಜೋಡಿಸಿದ, ಒಂದು ಚಕ್ರ ಮೇಜಿನ ಮೇಲೇ ಉಳಿಯಿತು. ಅವನ ಮುಸುಕಿನ ಬಟ್ಟೆ ಕೂಡ ತನ್ನದಕ್ಕಿಂತ ದಪ್ಪ, ಹಗ್ಗವೂ ಹೊಸದು. ಒಳಗೇನಿರಬಹುದು? ಕಣ್ಣು ಪರೀಕ್ಷೆಯ ದೊಡ್ಡ ಯಂತ್ರವೇ? ದೀಪದ ಬೋರ್ಡೇ? ಅಥವಾ ಗಡಿಯಾರಗಳ ಶೋಕೇಸೇ? ಕನ್ನಡಕದ ಜೊತೆಗೆ ಗಡಿಯಾರವನ್ನೂ ಮಾರಲು ಹೊರಟನೇ? ಈ ಕೊನೆಯ ಯೋಚನೆ ತಲೆಗೆ ಹೊಕ್ಕದ್ದೇ ತಡ, ಇವನಿಗೆ ಕೂರಲಾಗಲಿಲ್ಲ. ಸಂಜೆಯವರೆಗೆ ಸುಮ್ಮನಿದ್ದರೆ ಅರ್ಧ ಜಗಲಿ ತನ್ನದು ಎಂಬುದು ಬುದ್ಧಿಗೆ ಗೊತ್ತಿತ್ತು. ಹೊಟ್ಟೆ ಬುದ್ಧಿಯ ಮಾತು ಕೇಳಲಿಲ್ಲ.

ಬಿಸಿಲು ಇಳಿದಾಗ ಬೆಂಚು ಖಾಲಿಯಾಯಿತು. ಷಡ್ಡಕ ಯಾವುದೋ ಕೆಲಸಕ್ಕೆ ಹೊರಗೆ ಹೋದ. ಇವನು ಬೆಕ್ಕಿನ ಹೆಜ್ಜೆ ಇಟ್ಟು ಹೊರಬಂದು, ಅತ್ತಿತ್ತ ನೋಡಿ, ಹಗ್ಗ ಸಡಿಲಿಸಿ ಮುಸುಕಿನ ಒಂದು ಅಂಚನ್ನು ಎತ್ತಿದ.

ಒಳಗೊಬ್ಬ ಕಳ್ಳ ಬಗ್ಗಿ ನಿಂತಿದ್ದ. ಬಾಯಿ ಅರ್ಧ ತೆರೆದಿತ್ತು, ಕಣ್ಣು ಆಸೆಯಿಂದ ಊದಿಕೊಂಡಿತ್ತು, ಕೈಯಲ್ಲಿ ಯಾರದೋ ಬಟ್ಟೆ. ಇಷ್ಟು ಕೆಟ್ಟ ಮೋರೆಯನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಳ್ಳುವಷ್ಟರಲ್ಲಿ, ಆ ಕಳ್ಳನ ಹೆಗಲ ಹಿಂದೆ ಷಡ್ಡಕ ಕಂಡ. ಅವನ ಜೊತೆ ಉಪಕರಣದ ಚೀಲ ಹಿಡಿದ ಬಡಗಿ. ಅವರ ಹಿಂದೆ, ಗೆರೆ ಎಳೆಯಲು ಸುಣ್ಣದ ಕಡ್ಡಿ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಮಾವ.

ಅದು ಕನ್ನಡಿ. ಕನ್ನಡಕ ಹಾಕಿಕೊಂಡವರು ಹಗಲು ಬೆಳಕಿನಲ್ಲಿ ಮುಖ ನೋಡಿಕೊಳ್ಳಲೆಂದು ತರಿಸಿದ ನಿಲುವುಗನ್ನಡಿ.

ಮಾವ ಸುಣ್ಣದ ಕಡ್ಡಿಯನ್ನು ಮತ್ತೆ ಜೇಬಿಗಿಟ್ಟುಕೊಂಡರು. "ಗೆರೆ ಎಳೆಯೋ ಶ್ರಮ ಉಳಿಸಿದ್ರಿ" ಎಂದಷ್ಟೇ ಹೇಳಿ ಮಹಡಿ ಹತ್ತಿದರು.

ಇವನು ಇಂಗು ತಿಂದ ಮಂಗನಂತೆ ನಿಂತಿದ್ದ. ಕೊನೆಗೆ, "ನಾನು ಮುಚ್ಚಿದೆ ಅಂತ ನೀನೂ ಮುಚ್ಚಿದ್ಯಾ?" ಎಂದು ಕೇಳಿದ.

"ಇಲ್ಲಣ್ಣ. ದಾರೀಲಿ ಒಡೆಯಬಾರದು ಅಂತ ಗಾಡಿಯವರು ಸುತ್ತಿದ್ದು. ಬಡಗಿ ಬರ್ಲಿ, ಆಮೇಲೆ ಬಿಚ್ಚೋಣ ಅಂತ ಬಿಟ್ಟಿದ್ದೆ."

"ಮತ್ತೆ ಬೆಂಚು ಯಾಕೆ ಹಿಂದೆ ತಗೊಂಡೆ?"

"ಕನ್ನಡಿಗೆ ಜಾಗ ಬೇಕಿತ್ತಲ್ಲ."

"ನನ್ನ ಮುಸುಕು ನೋಡಿ ನಿನಗೆ ಚೂರೂ ಭಯ ಆಗ್ಲಿಲ್ವಾ?"

ಷಡ್ಡಕ ಆ ಚೆನ್ನಾದ ಹಲ್ಲುಗಳನ್ನು ತೋರಿಸಿ ನಕ್ಕ. "ಖಾಲಿ ಪೆಟ್ಟಿಗೆಗೆ ಏನು ಭಯ ಅಣ್ಣ? ಬೆಳಿಗ್ಗೇನೇ ಅತ್ತಿಗೆ ನನ್ನ ಹೆಂಡತಿಗೆ ಫೋನ್ ಮಾಡಿ ಹೇಳಿದ್ರಂತೆ. ಯಾರಿಗೂ ಹೇಳಬೇಡ ಅಂತ ಆಣೆ ಬೇರೆ ಹಾಕಿಸಿಕೊಂಡ್ರಂತೆ."

ಕತ್ತಲಾಗುವ ಮೊದಲು ಬಡಗಿ ಕನ್ನಡಿಯನ್ನು ಗೋಡೆಗೆ ಭದ್ರವಾಗಿ ಹೊಡೆದು ಹೋದ, ಸರಿಯಾಗಿ ಇವನ ಮೇಜಿಗೆ ಕಾಣುವಂತೆ. ಆವತ್ತಿನಿಂದ ಷಡ್ಡಕನ ಅಂಗಡಿಗೆ ಒಬ್ಬ ಗಿರಾಕಿ ಬಂದರೆ, ಕೂತಲ್ಲಿಂದ ಇವನಿಗೆ ಇಬ್ಬರು ಕಾಣುತ್ತಾರೆ.